ಗೋಡೆಯ ಮೇಲಿನ ಸೊನ್ನೆ

ಹೊಟ್ಟೆ ಬಿಟ್ಟ ಗೋಡೆಯೊಂದರ ಪಕ್ಕದಲ್ಲಿ ದಿನವೂ ನಡೆದುಹೋಗುತ್ತೀರಲ್ಲ, ಅದನ್ನು ಯಾರಿಗಾದರೂ ಹೇಳಿದಿರಾ? ಗೋಡೆಯಲ್ಲದಿದ್ದರೆ ಬಾಯಿ ತೆರೆದ ಚರಂಡಿ, ಚರಂಡಿಯಲ್ಲದಿದ್ದರೆ ಜೋತುಬಿದ್ದ ತಂತಿ. ನೋಡಲಿಲ್ಲ ಎನ್ನಬೇಡಿ. ನೋಡಿದಿರಿ, ಕಾಲನ್ನು ಪಕ್ಕಕ್ಕೆ ಸರಿಸಿದಿರಿ, ಯಾರೋ ಹೇಳಿರುತ್ತಾರೆ ಎಂದುಕೊಂಡು ಮುಂದೆ ಹೋದಿರಿ. ಈ ‘ಯಾರೋ’ ಎಂಬ ಮಹಾನುಭಾವ ಯಾವ ಮನೆಯಲ್ಲಿದ್ದಾನೆ, ಅವನ ಮುಖ ಹೇಗಿದೆ ಎಂಬುದನ್ನು ಇಂದಿನವರೆಗೂ ಯಾರೂ ಕಂಡಿಲ್ಲ. ಅವನನ್ನು ನಂಬಿ ಒಂದು ಬಡಾವಣೆ ಏನು ಮಾಡಿಕೊಂಡಿತೆಂಬುದನ್ನು ಕೇಳಿ.

ಆ ಬಡಾವಣೆ ಇಳಿಜಾರಿನ ಮೇಲಿತ್ತು. ನೆತ್ತಿಯಲ್ಲಿ ನೀರಿನ ಟ್ಯಾಂಕು, ಅದರ ಕೆಳಗೆ ಮೇಲಿನ ಬೀದಿ. ಆ ಬೀದಿಯ ಮಣ್ಣನ್ನು ಹಿಡಿದು ನಿಲ್ಲಿಸಲು ಹಿಂದಿನವರು ಕಟ್ಟಿಸಿದ ಎತ್ತರದ ಕಲ್ಲಿನ ಗೋಡೆ, ಗೋಡೆಯ ಬುಡದಲ್ಲಿ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಕಿರಿದಾದ ಓಣಿ. ಓಣಿಯ ಆಚೆ ಬದಿಗೆ ಒಂದು ಶಿಶುವಿಹಾರ. ದುಡಿಯಲು ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಮಕ್ಕಳು ಮಧ್ಯಾಹ್ನ ಮಲಗುತ್ತಿದ್ದ ಹಿಂಬದಿಯ ಕೋಣೆಯ ಕಿಟಕಿ ಆ ಗೋಡೆಗೆ ಮುಖ ಮಾಡಿತ್ತು.

ಬಡಾವಣೆಯ ಕೌನ್ಸಿಲರನ್ನು ಎಲ್ಲರೂ ಮುಖದೆದುರು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಸೊನ್ನೆ ಅಕ್ಕ. ಚುನಾವಣೆಗೆ ಮೊದಲು ಅವರು ದರ್ಜಿ. ಗೆದ್ದ ಮೇಲೂ ದರ್ಜಿಯೇ, ಅಂಗಡಿಯ ಕತ್ತರಿ ಮಾತ್ರ ತಂಗಿಯ ಕೈಗೆ ಹೋಗಿತ್ತು. ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬಿಲ್ಲೆಯನ್ನು ಅವರು ಕೈಚೀಲದಲ್ಲಿಟ್ಟುಕೊಂಡು ಬೀದಿಗಿಳಿಯುತ್ತಿದ್ದರು. ದೂರು ತಂದವರು ಜೊತೆಗೆ ಬಂದು ಜಾಗ ತೋರಿಸಬೇಕು, ತೋರಿಸಿದ ಜಾಗದಲ್ಲಿ ಅಕ್ಕ ಒಂದು ಸೊನ್ನೆ ಬರೆಯಬೇಕು, ಕೆಲಸ ಮುಗಿದ ದಿನ ಅಕ್ಕನೇ ಬಂದು ಒದ್ದೆ ಬಟ್ಟೆಯಿಂದ ಅದನ್ನು ಒರೆಸಬೇಕು. ಇದು ಕಟ್ಟಳೆ. ಇದೇನು ಮಕ್ಕಳಾಟ ಎಂದು ನಕ್ಕವರಿಗೆ ಅವರು ಹೇಳುತ್ತಿದ್ದುದಿಷ್ಟೇ: ಕಾಗದದ ಮೇಲೆ ಬರೆದದ್ದು ಕಪಾಟಿಗೆ ಹೋಗುತ್ತದೆ, ಕಂಬದ ಮೇಲೆ ಬರೆದದ್ದು ದಿನವೂ ನನ್ನ ಮುಖ ನೋಡುತ್ತದೆ.

ಪದ್ಧತಿ ಫಲ ಕೊಟ್ಟಿತು. ಕುರುಡಾಗಿದ್ದ ಬೀದಿದೀಪಗಳಿಗೆ ಕಣ್ಣು ಬಂತು, ಅಲುಗಾಡುತ್ತಿದ್ದ ಚರಂಡಿಯ ಚಪ್ಪಡಿಗಳು ಕದಲದೆ ಕೂತವು. ಜನರ ನಂಬಿಕೆ ಎಷ್ಟು ಬೆಳೆಯಿತೆಂದರೆ ‘ಸೊನ್ನೆ ಬಿತ್ತಾ? ಹಾಗಾದ್ರೆ ಆಯ್ತು ಬಿಡು’ ಎಂಬುದು ಆ ಬಡಾವಣೆಯ ಗಾದೆಯೇ ಆಯಿತು. ಹುಡುಗಿ ನೋಡಿಹೋದ ವರನ ಕಡೆಯವರು ಉತ್ತರ ಕೊಡದಿದ್ದಾಗಲೂ, ‘ಅವನ ಹಣೆಗೊಂದು ಸೊನ್ನೆ ಹಾಕಿಸಿ’ ಎಂದು ನಗುತ್ತಿದ್ದರು. ಆದರೆ ಒಳ್ಳೆಯ ಪದ್ಧತಿಯೂ ತನ್ನ ಅರ್ಥವನ್ನು ಮರೆತ ದಿನ ಕೆಟ್ಟ ಚಾಳಿಯಾಗುತ್ತದೆ. ಅಕ್ಕ ಜನರಿಗೆ ಗುರುತನ್ನು ಕಲಿಸಿದರು. ಗುರುತಿನ ಹಿಂದೆ ಇರಲೇಬೇಕಾದ ಮಾತನ್ನು ಕಲಿತಿದ್ದಾರೆಯೇ ಎಂದು ಪರೀಕ್ಷಿಸಲಿಲ್ಲ.

ಆ ದಿನ ಬೆಳಗಿನಿಂದಲೂ ಅವರು ಮೇಲಿನ ಬೀದಿಯಲ್ಲಿದ್ದರು. ಬೀದಿಯ ಅಂಚಿನ ಮನೆಯಲ್ಲಿ ನೀರಿನ ವಿಷಯಕ್ಕೆ ಅತ್ತೆ ಸೊಸೆಯರ ಜಗಳ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಬೀದಿಗೆ ಬಂದಿತ್ತು. ಸೊಸೆ ಪಾತ್ರೆಗಳನ್ನು ತೊಳೆಯದೆ ಪೇರಿಸಿಟ್ಟಿದ್ದಾಳೆಂದು ಅತ್ತೆಯ ದೂರು, ತೊಳೆಯಲು ನೀರೆಲ್ಲಿದೆ ಎಂದು ಸೊಸೆಯ ಪ್ರಶ್ನೆ. ಅಕ್ಕನನ್ನು ಕಂಡೊಡನೆ ಇಬ್ಬರೂ ಒಂದೇ ಪಕ್ಷವಾದರು.

“ನಲ್ಲಿ ತಿರುಗಿಸಿದ್ರೆ ನೀರು ಬರಲ್ಲ ಅಕ್ಕ, ನಿಟ್ಟುಸಿರು ಬರುತ್ತೆ,” ಎಂದಳು ಅತ್ತೆ. “ನನ್ನ ಸೊಸೆ ಬಿಡೋದಕ್ಕಿಂತ ದೊಡ್ಡದು.”

ಅಕ್ಕ ನಗಲು ಹೊರಟು ನಿಲ್ಲಿಸಿದರು. ಜೊತೆಯಲ್ಲಿ ಬಡಾವಣೆಗೆ ನೀರು ಬಿಡುವವನಿದ್ದ. ಟ್ಯಾಂಕಿನ ಬಳಿಯ ವಾಲ್ವನ್ನು ತೆರೆದು ಮುಚ್ಚುವುದು ಅವನ ಕೆಲಸ. ಎಲ್ಲರಿಗೂ ಅವನು ನೀರಣ್ಣ. ವಾಲ್ವು ಪೂರ್ತಿ ತೆರೆದಿದೆ, ಟ್ಯಾಂಕು ತುಂಬಿದೆ, ತನ್ನ ಕಡೆಯಿಂದ ಲೋಪವಿಲ್ಲವೆಂದು ಅವನು ಆಣೆ ಮಾಡುವವನಂತೆ ಹೇಳಿದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಹಾಗಾದರೆ ಟ್ಯಾಂಕಿನಿಂದ ಹೊರಟ ನೀರು ಈ ಮನೆಗೆ ತಲುಪದೆ ಎಲ್ಲಿಗೆ ಹೋಗುತ್ತಿದೆ ಎಂದು ಅಕ್ಕ ಕೇಳಿದಾಗ ಅವನು ತಲೆ ಕೆರೆದುಕೊಂಡ. ಹೊರಟ ನೀರು ಎಲ್ಲಾದರೂ ಸೇರಲೇಬೇಕು. ಬೀದಿಯ ಅಂಚಿಗೆ ಹಾಸಿದ ಕಲ್ಲುಗಳು ತಗ್ಗಾಗಿದ್ದುದು ಆಗ ಅಕ್ಕನ ಕಣ್ಣಿಗೆ ಬಿತ್ತು.

ಅಷ್ಟರಲ್ಲಿ ತಕರಾರು ತಾತ ಕೋಲೂರಿಕೊಂಡು ಬಂದ. ದೀಪ ಉರಿಯದಿದ್ದರೂ ತಕರಾರು, ಉರಿದರೆ ಕಣ್ಣಿಗೆ ಚುಚ್ಚುತ್ತದೆಂದು ತಕರಾರು ತೆಗೆಯುವ ಆ ಮುದುಕನನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದರು. ಅಕ್ಕನ ಕೈಯಲ್ಲಿದ್ದ ನೀಲಿ ಬಿಲ್ಲೆಯನ್ನು ನೋಡಿ ಅವನು ಹಲ್ಲಿಲ್ಲದ ಬಾಯಿ ತೆರೆದ.

“ಇಲ್ಲೊಂದು ಸೊನ್ನೆ, ಅಲ್ಲೊಂದು ಸೊನ್ನೆ. ಎಲ್ಲಾ ಕೂಡಿಸಿದ್ರೆ ಎಷ್ಟಾಗುತ್ತಮ್ಮ? ಕೆಳಗಿನ ಓಣಿ ಗೋಡೆ ಮೇಲೆ ಹಾಕಿದ ಸೊನ್ನೆಗೆ ಮೀಸೆ ಬಂತು. ಅದನ್ನ ಯಾವಾಗ ಒರೆಸ್ತೀಯ?”

“ಯಾವ ಗೋಡೆ ತಾತ?”

“ಇರೋದೇ ಒಂದು ಗೋಡೆ. ಶಿಶುವಿಹಾರದ ಹಿಂದಿಂದು.”

ಅಕ್ಕ ಆ ಗೋಡೆಯ ಮೇಲೆ ಸೊನ್ನೆ ಬರೆದಿರಲಿಲ್ಲ. ಆ ಓಣಿಗೆ ಕಾಲಿಟ್ಟೇ ಬಹಳ ಕಾಲವಾಗಿತ್ತು. ಅಲ್ಲಿಂದ ಒಂದೂ ದೂರು ಬರುತ್ತಿರಲಿಲ್ಲ. ಕೆಳಗಿನ ಓಣಿಯವರು ನೆಮ್ಮದಿಯಾಗಿದ್ದಾರೆ ಎಂದು ಸಭೆಯಲ್ಲಿ ಹೆಮ್ಮೆಯಿಂದ ಹೇಳಿಯೂ ಇದ್ದರು. ಮೌನವನ್ನು ನೆಮ್ಮದಿಯೆಂದು ಓದುವ ಈ ತಪ್ಪನ್ನು ಅಧಿಕಾರದಲ್ಲಿರುವವರಷ್ಟು ಸುಲಭವಾಗಿ ಬೇರೆ ಯಾರೂ ಮಾಡಲಾರರು.

ನೀರಣ್ಣ ಅಕ್ಕನತ್ತ ತಿರುಗಿದ. “ಅಕ್ಕ, ಅದು ನೀವು ಹಾಕಿದ್ದಲ್ವಾ?” ಎಂದು ಕೇಳಿದ. ಅವನ ಮಗಳು ಆ ಶಿಶುವಿಹಾರಕ್ಕೇ ಹೋಗುತ್ತಿದ್ದಳು. ಬೆಳಿಗ್ಗೆ ಅವಳನ್ನು ಬಿಡಲು ಹೋದಾಗಲೆಲ್ಲ ಗೋಡೆಯ ಸಂದುಗಳಿಂದ ನೀರು ಒಸರುವುದನ್ನು ಅವನು ಕಂಡಿದ್ದ. ಮಳೆಯ ನೀರಿರಬೇಕೆಂದುಕೊಂಡಿದ್ದ. ಹೇಗೂ ಸೊನ್ನೆ ಬಿದ್ದಿದೆ, ಅಕ್ಕ ನೋಡಿದ್ದಾರೆ ಎಂದು ಮುಂದೆ ನಡೆದಿದ್ದ.

ಇಬ್ಬರೂ ಮೆಟ್ಟಿಲುಗಳನ್ನು ಇಳಿದು ಓಣಿಗೆ ಓಡಿದರು. ತುಂಬಿದ ಮೂಟೆಯ ಹಾಗೆ ಗೋಡೆ ನಡುವಿನಲ್ಲಿ ಮುಂದಕ್ಕೆ ಉಬ್ಬಿತ್ತು. ಉಬ್ಬಿನ ಮೇಲೆ ತಟ್ಟೆಯಗಲದ ಬಿಳಿಯ ಸೊನ್ನೆ. ಮಳೆಗೆ ಅಳಿಸಿದಾಗಲೆಲ್ಲ ಯಾರೋ ಅದರ ಮೇಲೆ ಮತ್ತೆ ಮತ್ತೆ ತೀಡಿದ್ದ ಗುರುತಿತ್ತು. ಸಂದುಗಳಿಂದ ಒಸರುವ ನೀರು ಕೆಂಪಗಿತ್ತು. ಗೋಡೆಯ ಹಿಂದಿನ ಮಣ್ಣೇ ಕರಗಿ ಬರುತ್ತಿತ್ತು. ನೀರಣ್ಣ ಬೊಗಸೆಯೊಡ್ಡಿ ಮೂಗಿನ ಬಳಿ ಹಿಡಿದ.

“ಮಳೆ ನೀರಲ್ಲ ಅಕ್ಕ. ಟ್ಯಾಂಕಿಗೆ ಹಾಕೋ ಔಷಧಿ ವಾಸನೆ ಇದೆ. ನಮ್ಮ ಪೈಪೇ ಒಡೆದಿದೆ.”

ಅವನು ಮಾತು ಮುಗಿಸುವ ಮೊದಲೇ ಗೋಡೆಯಿಂದ ಒಂದು ಚಕ್ಕೆ ಕಳಚಿ ಅವರ ಕಾಲ ಬಳಿ ಬಿತ್ತು. ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಶಿಶುವಿಹಾರದ ಕಿಟಕಿಯ ಪರದೆ ಎಳೆದಿತ್ತು. ಮಕ್ಕಳು ಮಲಗುವ ಹೊತ್ತು. ನೀರಣ್ಣ ಬಾಗಿಲ ಕಡೆಗೆ ತಿರುಗಿದ. ಅಕ್ಕ ಅವನ ತೋಳು ಹಿಡಿದರು.

“ನೀನು ಮೇಲಕ್ಕೆ ಹೋಗು. ವಾಲ್ವ್ ಮುಚ್ಚೋಕೆ ಬರೋದು ನಿನಗೊಬ್ಬನಿಗೇ.”

“ಮಗಳು ಒಳಗಿದ್ದಾಳೆ ಅಕ್ಕ.”

“ಅವಳು ನನ್ನ ಮೇಲಿರಲಿ. ಹೋಗು.”

ಅವನು ಒಮ್ಮೆ ಕಿಟಕಿಯನ್ನು ನೋಡಿದ. ಮಗಳಿಗೆ ಬೆನ್ನು ಹಾಕಿ ಬೆಟ್ಟ ಹತ್ತುವುದು ತಂದೆಯಾದವನಿಗೆ ಎಂಥ ಶಿಕ್ಷೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೂ ಅವನು ಓಡಿದ.

ಅಕ್ಕ ನಡೆಯುತ್ತಲೇ ನಗರಸಭೆಯ ಎಂಜಿನಿಯರಿಗೆ ಫೋನು ಮಾಡಿದರು. ಅವರು ಸಭೆಯೊಂದರಲ್ಲಿದ್ದರು. ಗೋಡೆಯ ಚಿತ್ರ ತೆಗೆದು ಕಳುಹಿಸಿ, ನಾಳೆ ಬಂದು ನೋಡುತ್ತೇನೆ, ಹಳೆಯ ಗೋಡೆಗಳು ಹಾಗೆಯೇ, ಸುಮ್ಮನೆ ಜನರನ್ನು ಹೆದರಿಸಬೇಡಿ ಎಂದು ತಣ್ಣಗೆ ಬೋಧಿಸಿದರು. ಅವರ ಮಾತು ಮುಗಿಯುವ ಮೊದಲೇ ಅಕ್ಕ ಫೋನು ಚೀಲಕ್ಕೆ ಹಾಕಿ ಶಿಶುವಿಹಾರದ ಬಾಗಿಲು ತಳ್ಳಿದರು.

ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳನ್ನು ಮಕ್ಕಳೂ ತಾಯಂದಿರೂ ಚಿಕ್ಕಮ್ಮ ಎನ್ನುತ್ತಿದ್ದರು. ಅವಳು ತುಟಿಯ ಮೇಲೆ ಬೆರಳಿಟ್ಟು ಎದ್ದುಬಂದಳು. ಮಕ್ಕಳನ್ನು ಈಗಲೇ ಹೊರಗೆ ಸಾಗಿಸಬೇಕೆಂದು ಅಕ್ಕ ಹೇಳಿದರು. ಈಗ ತಾನೇ ಕಣ್ಣು ಮುಚ್ಚಿದ್ದಾರೆ, ಒಬ್ಬ ಎದ್ದರೆ ಎಲ್ಲರೂ ಏಳುತ್ತಾರೆ, ಎಲ್ಲಿಗೆ ಸಾಗಿಸಿದೆ ಎಂದು ತಾಯಂದಿರು ಕೇಳಿದರೆ ನನ್ನ ಕೆಲಸ ಹೋಗುತ್ತದೆ ಎಂದು ಪಿಸುಗುಟ್ಟಿದಳು. ಗೋಡೆ ಬೀಳುವ ಹಾಗಿದೆ ಎಂದು ಅಕ್ಕ ಹೇಳಿದಾಗ ಅವಳು ನಂಬದವಳಂತೆ ನೋಡಿದಳು.

“ನನಗೂ ಹೆದರಿಕೆಯಾಗಿತ್ತು ಅಕ್ಕ. ಅದಕ್ಕೇ ಮಕ್ಕಳ ಹಾಸಿಗೆಯೆಲ್ಲಾ ಮುಂದಿನ ಕೋಣೆಗೆ ತಂದಿದ್ದೆ. ಆಮೇಲೆ ನಿಮ್ಮ ಸೊನ್ನೆ ನೋಡಿದೆ. ನೀವು ನೋಡಿದ್ದೀರಿ, ಇನ್ನೇನು ಭಯ ಅಂತ ವಾಪಸ್ ಅಲ್ಲೇ ಮಲಗಿಸ್ತಿದ್ದೀನಿ.”

ಗುರುತಿಲ್ಲದಿದ್ದರೆ ಮಕ್ಕಳು ಮುಂದಿನ ಕೋಣೆಯಲ್ಲಿರುತ್ತಿದ್ದರು.

“ಅದು ನನ್ನ ಸೊನ್ನೆ ಅಲ್ಲ ಚಿಕ್ಕಮ್ಮ. ನಂದು ನೀಲಿ.”

“ಬಣ್ಣ ಯಾರು ನೋಡ್ತಾರೆ ಅಕ್ಕ?” ಎಂದಳು ಅವಳು. ಮರುಕ್ಷಣ ಒಳಗೆ ಹೋಗಿ ಹತ್ತಿರದ ಮಗುವನ್ನು ಎತ್ತಿಕೊಂಡಳು.

ಮುಂಬಾಗಿಲು ತೆರೆಯುತ್ತಿದ್ದುದು ಓಣಿಗಲ್ಲ, ದೊಡ್ಡ ರಸ್ತೆಗೆ. ಅದೊಂದೇ ಪುಣ್ಯ. ರಸ್ತೆಯ ಆ ಬದಿಗೆ ಅಕ್ಕನ ಹೊಲಿಗೆ ಅಂಗಡಿ. ತಂಗಿ ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದುದನ್ನೆಲ್ಲ ಒಂದೇ ಕೈಯಲ್ಲಿ ಕೆಳಕ್ಕೆ ಗುಡಿಸಿ ಜಾಗ ಮಾಡಿದಳು. ಓಣಿಯ ತುದಿಯ ದಿನಸಿ ಅಂಗಡಿಯವನು ಗದ್ದಲ ಕೇಳಿ ಬಂದು, ಯಾರೂ ಹೇಳದೆಯೇ ಎರಡು ಹೆಗಲಿಗೂ ಮಕ್ಕಳನ್ನು ಏರಿಸಿಕೊಂಡ. ರಸ್ತೆ ದಾಟುವಾಗ ಅವನು ಅಕ್ಕನ ಪಕ್ಕಕ್ಕೆ ಬಂದು, ಅವರ ಮುಖ ನೋಡದೆ ಹೇಳಿದ:

“ಆ ಸೊನ್ನೆ ನಾನು ಹಾಕಿದ್ದು ಅಕ್ಕ.”

“ನೀವಾ ಅಣ್ಣ?”

“ನೀವು ಓಣಿ ಒಳಗೆ ಬರಲೇ ಇಲ್ಲ. ಸೊನ್ನೆ ಇದ್ದ ಕಡೆ ಕೆಲಸ ಆಗುತ್ತೆ ಅಂತ ಊರೆಲ್ಲಾ ಹೇಳ್ತಾರೆ. ನಾನೇ ಹಾಕಿಬಿಟ್ಟೆ. ಮಳೆಗೆ ಹೋದಾಗಲೆಲ್ಲ ಮತ್ತೆ ತೀಡ್ತಿದ್ದೆ.”

“ನನಗೊಂದು ಮಾತು ಹೇಳಬಾರದಿತ್ತಾ?”

“ಸೊನ್ನೆ ಹಾಕಿದ ಮೇಲೆ ಹೇಳೋದೇನಿದೆ ಅಂದ್ಕೊಂಡೆ,” ಎಂದ ಅವನು. ಅವನ ಹೆಗಲ ಮೇಲಿದ್ದ ಮಗು ನಿದ್ದೆಯಲ್ಲೇ ಮುಲುಗಿತು.

ಅವನನ್ನು ಬೈಯುವುದು ಸುಲಭ. ಆದರೆ ಅಷ್ಟು ಜನರಲ್ಲಿ ಗೋಡೆಗಾಗಿ ಕೈಯೆತ್ತಿದವನು ಅವನೊಬ್ಬನೇ ಎಂಬುದನ್ನು ಮರೆಯಬಾರದು. ಉಳಿದವರು ಅವನ ಸೊನ್ನೆಯನ್ನು ಓದಿ ತಮ್ಮ ಹೊಣೆಯನ್ನು ಕಳಚಿಕೊಂಡರು.

ಮಕ್ಕಳೆಲ್ಲ ಮೇಜಿನ ಮೇಲೆ, ಬಟ್ಟೆಯ ರಾಶಿಯ ಮೇಲೆ, ತಂಗಿಯ ಮಡಿಲಲ್ಲಿ ಬಂದು ಸೇರಿದರು. ಕೆಲವರು ಅಳುತ್ತಿದ್ದರು, ಕೆಲವರಿಗೆ ಎಚ್ಚರವೇ ಆಗಿರಲಿಲ್ಲ. ಅಕ್ಕ ಒಂದೊಂದೇ ಮುಖವನ್ನು ನೋಡಿದರು. ನೀರಣ್ಣನಿಗೆ ಮಾತು ಕೊಟ್ಟಿದ್ದರು, ಆದರೆ ಅವನ ಮಗಳ ಮುಖವನ್ನೇ ಅವರು ಕಂಡಿರಲಿಲ್ಲ.

“ಚಿಕ್ಕಮ್ಮ, ನೀರಣ್ಣನ ಮಗಳು ಯಾರು? ಎಲ್ಲಿದ್ದಾಳೆ?”

ಚಿಕ್ಕಮ್ಮ ಏದುಸಿರು ಬಿಡುತ್ತ ಅವರತ್ತ ತಿರುಗಿದಳು. “ನಿಮ್ಮ ಹೆಗಲ ಮೇಲೇ ಮಲಗಿದ್ದಾಳಲ್ಲ ಅಕ್ಕ.”

ಅಕ್ಕ ಆ ಮಗುವನ್ನು ತಂಗಿಗೆ ಕೊಡುತ್ತಿದ್ದಾಗ ಗೋಡೆ ಬಿತ್ತು. ಸಿಡಿಲಿನಂಥ ಸದ್ದೇನೂ ಆಗಲಿಲ್ಲ. ಕಲ್ಲುಗಳು ಒಂದರ ಮೇಲೊಂದು ಉರುಳುವ ಗಡಗಡ, ಆಮೇಲೆ ಮಣ್ಣು ಜಾರುವ ಸದ್ದು, ಕೊನೆಗೆ ಗಾಜು ಒಡೆದದ್ದು. ಓಣಿ ತುಂಬಿಹೋಯಿತು. ಶಿಶುವಿಹಾರದ ಹಿಂದಿನ ಕಿಟಕಿ ಚೌಕಟ್ಟಿನ ಸಮೇತ ಒಳಕ್ಕೆ ನುಗ್ಗಿ, ಹಾಸಿಗೆಗಳಿದ್ದ ಕಡೆ ಸೊಂಟದ ಮಟ್ಟಕ್ಕೆ ಕೆಸರು ನಿಂತಿತು.

ಅಕ್ಕನಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. ಮೇಲಿನ ಬೀದಿಯ ಅಂಚಿನ ಮನೆಯ ಮುಂದಿನ ನೆಲವೇ ಕುಸಿದಿತ್ತು, ಅತ್ತೆ ಸೊಸೆಯರನ್ನು ಹೊರಕ್ಕೆ ಕರೆತರಬೇಕಿತ್ತು. ಹೊರಡುವ ಆತುರದಲ್ಲಿ ಅವರು ಅಲ್ಲಿ ನೆರೆದಿದ್ದ ಗುಂಪಿನತ್ತ ತಿರುಗಿ, ನೀರಣ್ಣ ಬಂದರೆ ಮಗಳು ಅಂಗಡಿಯಲ್ಲಿ ಸುಖವಾಗಿದ್ದಾಳೆಂದು ಯಾರಾದರೂ ಹೇಳಿ ಎಂದು ಕೂಗಿ, ಓಣಿ ಮುಚ್ಚಿದ್ದರಿಂದ ದೊಡ್ಡ ರಸ್ತೆಯನ್ನು ಬಳಸಿ ಮೇಲಕ್ಕೆ ಓಡಿದರು. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದ ಮಾತಲ್ಲ ಎಂಬುದನ್ನು, ಆ ದಿನ ಅಷ್ಟನ್ನು ಕಂಡ ಮೇಲೂ, ಅಕ್ಕನೇ ಮರೆತರು.

ನೀರಣ್ಣ ವಾಲ್ವಿನ ಚಕ್ರವನ್ನು ಕೊನೆಯ ಸುತ್ತು ತಿರುಗಿಸುತ್ತಿದ್ದಾಗ ಸದ್ದು ಕೇಳಿಸಿಕೊಂಡಿದ್ದ. ಮೆಟ್ಟಿಲುಗಳನ್ನು ಹಾರುತ್ತ, ಬೀಳುತ್ತ, ಏಳುತ್ತ ಬಂದ. ಓಣಿ ಇರಲಿಲ್ಲ. ಕಿಟಕಿ ಇದ್ದ ಜಾಗದಲ್ಲಿ ಕೆಸರಿನಿಂದ ಒಂದು ಹಾಸಿಗೆಯ ತುದಿ ಹೊರಗೆ ಚಾಚಿತ್ತು. ಅವನು ಒಂದು ಸ್ವರವನ್ನೂ ಹೊರಡಿಸದೆ ರಾಶಿಯ ಮೇಲೆ ಏರಿ, ಮಂಡಿಯೂರಿ, ಬರಿಗೈಯಲ್ಲಿ ಕಲ್ಲುಗಳನ್ನು ಕಿತ್ತು ಎಸೆಯತೊಡಗಿದ.

ಜನ ಸುತ್ತ ನಿಂತಿದ್ದರು. ಇವರು ಕೆಟ್ಟವರಲ್ಲ. ಕೆಲವು ಹೆಂಗಸರು ಅಳುತ್ತಿದ್ದರು. ಒಬ್ಬನು ಪಾಪ, ಪಾಪ ಎನ್ನುತ್ತಿದ್ದ. ಮಗಳು ಕ್ಷೇಮವಾಗಿರುವುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಅವನಿಗೂ ಗೊತ್ತಿರಬೇಕೆಂದು, ಯಾರೋ ಹೇಳಿರಬೇಕೆಂದು, ಒಳಗೆ ಸಿಕ್ಕಿಕೊಂಡ ಸಾಮಾನು ಹುಡುಕುತ್ತಿರಬೇಕೆಂದು ಎಲ್ಲರೂ ಎಣಿಸಿದರು. ಅವನ ಉಗುರುಗಳಿಂದ ರಕ್ತ ಬರುತ್ತಿತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಮಗಳು ತಂಗಿಯ ತೊಡೆಯ ಮೇಲೆ ಮಗ್ಗುಲು ಬದಲಿಸುತ್ತಿದ್ದಳು.

ತಕರಾರು ತಾತ ದೊಡ್ಡ ರಸ್ತೆಯನ್ನು ಬಳಸಿ ಇಳಿದು ಬರುವುದು ತಡವಾಯಿತು. ಬಂದವನೇ ದಾರಿ ಕೆಟ್ಟಿದೆಯೆಂದು ಬೈದ, ಜನ ಅಡ್ಡ ನಿಂತಿದ್ದಾರೆಂದು ಬೈದ, ಕೋಲಿನಿಂದ ಅವರನ್ನು ಸರಿಸಿಕೊಂಡು ಮುಂದೆ ಬಂದ. ಅಗೆಯುತ್ತಿದ್ದವನನ್ನು ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ನೋಡಿದ.

“ಏನಪ್ಪಾ ಹುಡುಕ್ತಿದ್ದೀಯ?”

ನೀರಣ್ಣ ತಲೆಯೆತ್ತಲಿಲ್ಲ. “ಮಗಳು,” ಎಂದ.

“ಅಲ್ಲೇನಿದೆ, ಕಲ್ಲು. ನಿನ್ನ ಮಗಳು ಟೈಲರ್ ಅಂಗಡೀಲಿ ಗೊರಕೆ ಹೊಡೀತಿದ್ದಾಳೆ. ಈಗ ತಾನೇ ನೋಡಿ ಬಂದೆ.” ತಾತ ಗುಂಪಿನತ್ತ ತಿರುಗಿದ. “ಇವನಿಗೆ ಯಾರೂ ಹೇಳಲೇ ಇಲ್ವಾ?”

ಜನ ಒಬ್ಬರ ಮುಖವನ್ನೊಬ್ಬರು ನೋಡಿದರು. ಅಷ್ಟು ಬಾಯಿಗಳಲ್ಲಿ ಒಂದು ವಾಕ್ಯ ಇರಲಿಲ್ಲವೇ? ನೀರಣ್ಣ ಕಲ್ಲಿನ ರಾಶಿಯ ಮೇಲೆಯೇ ಕುಳಿತುಬಿಟ್ಟ. ಕೊನೆಗೆ ದಿನಸಿ ಅಂಗಡಿಯವನು ಹೋಗಿ, ತೋಳಿಗೆ ತೋಳು ಕೊಟ್ಟು, ಅವನನ್ನು ರಸ್ತೆ ದಾಟಿಸಿದ. ನಿನಗೆ ಗೊತ್ತಿದೆ ಅಂದ್ಕೊಂಡಿದ್ವಿ, ಯಾರೋ ಹೇಳಿರ್ತಾರೆ ಅಂದ್ಕೊಂಡಿದ್ವಿ ಎಂದು ದಾರಿಯುದ್ದಕ್ಕೂ ಜನ ಅವನಿಗೆ ಸಮಾಧಾನ ಹೇಳಿದರು. ಅವನು ಮಣ್ಣು ಮೆತ್ತಿದ ಕೈಗಳಿಂದ ಮಗಳನ್ನು ಮುಟ್ಟಲು ಹೆದರಿ, ಅಂಗಡಿಯ ಹೊಸ್ತಿಲಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡಿದ.

ಆ ಮಗು ಬದುಕಿದ್ದು ತಕರಾರು ತೆಗೆಯುವ ಒಬ್ಬ ಮುದುಕನ ನಾಲಿಗೆಯಿಂದ. ಆ ತಂದೆಗೆ ಉಸಿರು ಮರಳಿದ್ದೂ ಅದೇ ನಾಲಿಗೆಯಿಂದ. ಉಳಿದವರೆಲ್ಲ ಸಭ್ಯರಾಗಿದ್ದರು.

ಓದುಗರೇ, ಇದನ್ನು ಓದುತ್ತಿರುವಾಗ ನಿಮ್ಮ ಬೀದಿಯ ಒಂದು ಜಾಗ ನಿಮ್ಮ ಮನಸ್ಸಿಗೆ ಬಂದೇ ಬಂದಿರುತ್ತದೆ. ಪುಸ್ತಕವನ್ನು ಮಗುಚಿಡಿ. ಎದ್ದು ಹೋಗಿ, ಅದಕ್ಕೆ ಹೊಣೆಯಾದವರ ಬಾಗಿಲು ತಟ್ಟಿ, ಅವರ ಮುಖ ನೋಡಿ, ಬಾಯಿಬಿಟ್ಟು ಹೇಳಿ. ಅವರು ‘ಗೊತ್ತಿದೆ’ ಎಂದರೆ ತೃಪ್ತರಾಗಿ ಹಿಂದಿರುಗಬೇಡಿ. ಯಾರು ಹೇಳಿದರು ಎಂದು ಕೇಳಿ, ಒಂದು ಉತ್ತರ ಸಿಗುವವರೆಗೂ ಹೊಸ್ತಿಲು ಬಿಟ್ಟು ಕದಲಬೇಡಿ.